ಕೂದಲೆಳೆಯ ಲೆಕ್ಕ, ನಾಲ್ಕು ಜನರ ಕೈ

ಅಂಬಾಸಿಡರ್ ಕಾರುಗಳ ಬಾನೆಟ್ಟಿನಡಿ ತಲೆಯಿಟ್ಟು ಹತ್ತಾರು ವರ್ಷ ಕಳೆದ ನಮ್ಮ ಹಳೆಯ ಮೆಕ್ಯಾನಿಕ್‌ಗಳಿಗೆ ಬ್ರಿಟನ್ನಿನ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನ ಎಂಜಿನ್ ತೋರಿಸಿದರೆ, ಅದು ಅವರಿಗೆ ಗುರುತಿನ ಮುಖವೇ. 1955ರಲ್ಲಿ ಇಂಗ್ಲೆಂಡಿನ ಆಬಿಂಗ್‌ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಎಯಲ್ಲಿ ಇದ್ದದ್ದು ಬಿ ಸರಣಿಯ 1489 ಸಿಸಿ ಎಂಜಿನ್. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್ ದಶಕಗಳ ಕಾಲ ಓಡಿದ್ದೂ ಇದೇ ವಂಶದ, ಇದೇ 1489 ಸಿಸಿಯ ಎಂಜಿನ್ನಿನಿಂದ. ಎಂಜಿಎಗೆ ಎರಡು ಎಸ್‌ಯು ಕಾರ್ಬ್ಯುರೇಟರ್ ಮತ್ತು ಹೆಚ್ಚಿನ ಕಂಪ್ರೆಷನ್ ಕೊಟ್ಟು ಸುಮಾರು 70 ಅಶ್ವಶಕ್ತಿ ತೆಗೆದರು. ಅಂಬಾಸಿಡರ್‌ನಲ್ಲಿ ಅದು 50ರ ಆಸುಪಾಸಿನಲ್ಲಿತ್ತು. ಒಂದೇ ಮನೆಯ ಇಬ್ಬರು ಮಕ್ಕಳು: ಒಬ್ಬ ಓಟಗಾರ, ಇನ್ನೊಬ್ಬ ಹೊರೆಯಾಳು.

ಎಂಜಿಎ ಕಾರುಗಳು 1962ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ತಯಾರಾದವು. ಬಹುಪಾಲು ಅಮೆರಿಕಕ್ಕೆ ಹೋದವು. ಆಬಿಂಗ್‌ಡನ್ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿತು. ಆದರೂ ಆ ಕಾರುಗಳು ಇಂದಿಗೂ ರಸ್ತೆಯ ಮೇಲಿವೆ. 1930ರಲ್ಲಿ ಆರಂಭವಾದ ಎಂಜಿ ಕಾರ್ ಕ್ಲಬ್‌ನಂಥ ಸಂಘಗಳ ಸದಸ್ಯರು, ವಾರದ ರಜೆಯಲ್ಲಿ ಒಬ್ಬರ ಗ್ಯಾರೇಜಿನಲ್ಲಿ ಇನ್ನೊಬ್ಬರು ನಿಂತು, ಅವುಗಳ ಎಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಕಟ್ಟುತ್ತಾರೆ. ಹೊರಗಿನಿಂದ ನೋಡಿದವರಿಗೆ ಇದು ಹವ್ಯಾಸ. ಹತ್ತಿರ ಹೋಗಿ ನೋಡಿದರೆ ಅಲ್ಲಿ ನಡೆಯುತ್ತಿರುವುದು ಅಪ್ಪಟ ವಿಜ್ಞಾನ: ಅಳೆಯುವುದು, ಬರೆದಿಡುವುದು, ಇನ್ನೊಬ್ಬರಿಂದ ಪರೀಕ್ಷಿಸಿಕೊಳ್ಳುವುದು.

ಬಿಚ್ಚುವ ಮೊದಲು

ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದೆ, ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ ಎಂದರೆ ಸಿಲಿಂಡರಿನೊಳಗಿನ ಒತ್ತಡ ಎಲ್ಲೋ ಸೋರುತ್ತಿದೆ ಎಂದರ್ಥ. ಎಲ್ಲಿ? ಅದನ್ನು ಕಂಡುಹಿಡಿಯುವ ಉಪಾಯ ಸೊಗಸಾಗಿದೆ. ಸ್ಪಾರ್ಕ್ ಪ್ಲಗ್ಗಿನ ಜಾಗದಲ್ಲಿ ಒತ್ತಡದ ಮಾಪಕ ಕೂರಿಸಿ ಒಬ್ಬರು ಮುಳ್ಳು ನೋಡುತ್ತಾರೆ. ಇನ್ನೊಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸುತ್ತಾರೆ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಈಗ ಒತ್ತಡ ಏರಿದರೆ ಸವೆದಿರುವುದು ಪಿಸ್ಟನ್ ರಿಂಗ್ ಅಥವಾ ಸಿಲಿಂಡರಿನ ಗೋಡೆ. ಸಂದಿಯನ್ನು ಆಯಿಲ್ ತಾತ್ಕಾಲಿಕವಾಗಿ ಮುಚ್ಚಿದೆ. ಏರದಿದ್ದರೆ ಸೋರಿಕೆ ವಾಲ್ವಿನಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ ಇದೆ. ಒಂದು ಚಮಚ ಎಣ್ಣೆ ಎರಡು ರೋಗಗಳನ್ನು ಬೇರೆ ಮಾಡಿ ತೋರಿಸುತ್ತದೆ.

ಬಾವಿಕಟ್ಟೆಯ ಗೆರೆ

ಬಾವಿಯ ಕಟ್ಟೆಗೆ ಹಗ್ಗ ಉಜ್ಜಿ ಉಜ್ಜಿ ಗೆರೆ ಬೀಳುವುದು ಭಾರ ಒತ್ತುವ ಜಾಗದಲ್ಲಿ ಮಾತ್ರ. ಸಿಲಿಂಡರೂ ಹಾಗೆಯೇ, ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಈ ಎಂಜಿನ್ನಿನಲ್ಲಿ ಪಿಸ್ಟನ್ 88.9 ಮಿಲಿಮೀಟರ್ ಮೇಲೆ ಕೆಳಗೆ ಓಡುತ್ತದೆ. ನಿಮಿಷಕ್ಕೆ 5000 ಸುತ್ತು ತಿರುಗುವಾಗ ಅದರ ಸರಾಸರಿ ವೇಗ ಸೆಕೆಂಡಿಗೆ 14.8 ಮೀಟರ್. ಆದರೆ ಪ್ರತಿ ಸಲ ತುದಿ ಮುಟ್ಟಿದಾಗ ಅದು ಕ್ಷಣಮಾತ್ರ ನಿಲ್ಲಲೇಬೇಕು. ಓಡುವಾಗ ರಿಂಗು ಮತ್ತು ಗೋಡೆಯ ನಡುವೆ ಆಯಿಲಿನ ಪದರ ತಾನಾಗಿ ಉಳಿಯುತ್ತದೆ. ನಿಂತಾಗ ಅದು ತೆಳುವಾಗುತ್ತದೆ. ಮೇಲಿನ ತುದಿಯಲ್ಲಂತೂ ಪೆಟ್ರೋಲ್ ಉರಿಯುವ ಶಾಖ ಮತ್ತು ಒತ್ತಡ ಎರಡೂ ಅದೇ ಹೊತ್ತಿಗೆ ಬಂದೆರಗುತ್ತವೆ. ಹೀಗಾಗಿ ಅತಿ ಹೆಚ್ಚು ಸವೆತ ಸಿಲಿಂಡರಿನ ಮೇಲ್ಭಾಗದಲ್ಲಿ. ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಪಿಸ್ಟನ್ ಒಂದು ಪಕ್ಕಕ್ಕೆ ಒತ್ತಿಕೊಂಡು, ದುಂಡಗಿದ್ದ ಸಿಲಿಂಡರ್ ನಿಧಾನವಾಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಇದನ್ನು ಕಣ್ಣು ಕಾಣದು. ಅಂಗುಲದ ಸಾವಿರದ ಒಂದು ಭಾಗಕ್ಕೆ ಯಂತ್ರ ಕೆಲಸದವರು ಥೌ ಎನ್ನುತ್ತಾರೆ, ಅದು 0.0254 ಮಿಲಿಮೀಟರ್. ನಮ್ಮ ತಲೆಗೂದಲು ಸುಮಾರು ಮೂರು ಥೌ ದಪ್ಪ. ಸಿಲಿಂಡರಿನ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಬೋರ್ ಗೇಜ್ ಹಿಡಿದು ಅಳೆಯುವಾಗ ಒಂದು ನಿಯಮ ಪಾಲಿಸುವುದು ಒಳ್ಳೆಯದು: ಇಬ್ಬರು ಬೇರೆ ಬೇರೆಯಾಗಿ ಅಳೆಯಬೇಕು, ಒಬ್ಬರ ಅಂಕಿ ಇನ್ನೊಬ್ಬರಿಗೆ ತಿಳಿದಿರಬಾರದು. ಎರಡು ಪಟ್ಟಿ ತಾಳೆಯಾದರೆ ಮಾತ್ರ ಬ್ಲಾಕ್ ಬೋರಿಂಗಿಗೆ ಹೋಗಬೇಕು. ಅಲ್ಲಿ ಇಪ್ಪತ್ತೋ ನಲವತ್ತೋ ಥೌ ಕೊರೆದು ಅಗಲ ಮಾಡಿ, ಅದಕ್ಕೆ ಹೊಂದುವ ದೊಡ್ಡ ಪಿಸ್ಟನ್ ಹಾಕುತ್ತಾರೆ. ಕೊನೆಗೆ ಹೋನಿಂಗ್ ಕಲ್ಲಿನಿಂದ ಗೋಡೆಯ ಮೇಲೆ ಓರೆಯಾಗಿ ಹೆಣೆದುಕೊಂಡ ಸಣ್ಣ ಗೀರುಗಳನ್ನು ಬೇಕೆಂದೇ ಎಳೆಯುತ್ತಾರೆ. ಕನ್ನಡಿಯಷ್ಟು ನುಣುಪಾದ ಗೋಡೆಯಲ್ಲಿ ಆಯಿಲ್ ನಿಲ್ಲುವುದಿಲ್ಲ. ಈ ಗೀರುಗಳು ಅದನ್ನು ಹಿಡಿದಿಡುವ ಪುಟ್ಟ ಕಾಲುವೆಗಳು.

ರಿಂಗಿನ ಎರಡು ತುದಿಗಳ ನಡುವಿನ ಸಂದಿಗೂ, ಅಂದರೆ ಅದರ ಬಾಯಿಗೂ, ಲೆಕ್ಕವಿದೆ. 73 ಮಿಲಿಮೀಟರ್ ಅಗಲದ ಸಿಲಿಂಡರಿನ ರಿಂಗು ಸುಮಾರು 229 ಮಿಲಿಮೀಟರ್ ಸುತ್ತಳತೆಯದು. ಎರಕದ ಕಬ್ಬಿಣದ ಅಷ್ಟುದ್ದ, ಶಾಖ 100 ಡಿಗ್ರಿ ಏರಿದರೆ ಕಾಲು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಬಾಯಿಯಲ್ಲಿ ಅಷ್ಟು ಜಾಗ ಬಿಡದಿದ್ದರೆ ತುದಿಗಳು ಒಂದಕ್ಕೊಂದು ಗುದ್ದಿ ರಿಂಗು ಮುರಿದು ಗೋಡೆಯನ್ನೇ ಗೀರುತ್ತದೆ.

ಎಣ್ಣೆಯ ಮೇಲೆ ತೇಲುವ ಕಬ್ಬಿಣ

ಕ್ರ್ಯಾಂಕ್‌ಶಾಫ್ಟ್ ಬೇರಿಂಗಿನೊಳಗೆ ಉಜ್ಜಿಕೊಂಡು ತಿರುಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ನಿಜದಲ್ಲಿ ಎಂಜಿನ್ ಓಡುವಾಗ ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಇದು ಗೊತ್ತಾದದ್ದು ಒಂದು ಮರದ ಬಿರಡೆಯಿಂದ. 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬ್ಯೂಚಾಂಪ್ ಟವರ್ ರೈಲಿನ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದರು. ಆಯಿಲ್ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದರೆ, ಅಚ್ಚು ತಿರುಗುವಾಗ ಅಲ್ಲಿಂದ ಆಯಿಲ್ ಹೊರಗೆ ಉಕ್ಕಿತು. ಬಿರಡೆ ಬಡಿದು ಮುಚ್ಚಿದರು. ಅದನ್ನೂ ಎಣ್ಣೆ ತಳ್ಳಿಬಿಟ್ಟಿತು. ತಿರುಗುವ ಅಚ್ಚು ಆಯಿಲನ್ನು ಕಿರಿದಾಗುತ್ತ ಹೋಗುವ ಸಂದಿಯೊಳಗೆ ಎಳೆದುಕೊಂಡು, ತನ್ನ ಮೇಲಿನ ಭಾರವನ್ನೇ ಹೊರುವಷ್ಟು ಒತ್ತಡ ಹುಟ್ಟಿಸುತ್ತಿತ್ತು. ಇದರ ಗಣಿತವನ್ನು ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಬಿಡಿಸಿಟ್ಟರು. ಮಳೆನೀರು ನಿಂತ ರಸ್ತೆಯಲ್ಲಿ ವೇಗವಾಗಿ ಹೋಗುವ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುವುದೂ ಇಂಥದೇ ಒತ್ತಡದಿಂದ.

ಆದ್ದರಿಂದ ಎಂಜಿನ್ ಕಟ್ಟುವವರು ಜೋಪಾನ ಮಾಡಬೇಕಾದದ್ದು ಈ ಸಂದಿಯನ್ನು. ಹೆಚ್ಚಾದರೆ ಆಯಿಲ್ ಸುರಿದುಹೋಗಿ ಒತ್ತಡ ಬೀಳುತ್ತದೆ. ಕಡಿಮೆಯಾದರೆ ಪದರ ಹರಿದು ಬೇರಿಂಗ್ ಸುಟ್ಟುಹೋಗುತ್ತದೆ. ಶಾಫ್ಟಿನ ಪ್ರತಿ ಅಂಗುಲ ವ್ಯಾಸಕ್ಕೆ ಸುಮಾರು ಒಂದು ಥೌ ಸಂದಿ ಎಂಬುದು ರೂಢಿಯ ಲೆಕ್ಕ. ಇದನ್ನು ಅಳೆಯಲು ಮೇಣದಂಥ ಮೆತ್ತನೆಯ ಪ್ಲಾಸ್ಟಿಕ್ ಎಳೆಯೊಂದನ್ನು ಶಾಫ್ಟಿನ ಮೇಲಿಟ್ಟು, ಬೇರಿಂಗಿನ ಮುಚ್ಚಳ ಬಿಗಿದು ಮತ್ತೆ ತೆಗೆಯುತ್ತಾರೆ. ಎಳೆ ಎಷ್ಟು ಅಗಲವಾಗಿ ಚಪ್ಪಟೆಯಾಗಿದೆಯೋ ಸಂದಿ ಅಷ್ಟು ಕಿರಿದು.

ಗೆಳೆಯರು ಕೂಡಿ ನಡೆಸಿದ ಪರೀಕ್ಷೆ

ಹಳೆಯ ಎಂಜಿನ್ನುಗಳಿಗೆ ಅತಿ ದೊಡ್ಡ ಕಂಟಕ ಬಂದದ್ದು ಪೆಟ್ರೋಲಿನಿಂದ ಸೀಸವನ್ನು ತೆಗೆದಾಗ. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುತ್ತದೆಂದು ಕಂಡುಕೊಂಡರು. ಅದಕ್ಕೆ ಇನ್ನೊಂದು ಗುಣವೂ ಇತ್ತು. ಕೆಂಪಗೆ ಕಾದ ಎಕ್ಸಾಸ್ಟ್ ವಾಲ್ವಿಗೂ ಅದು ಕೂರುವ ಕಬ್ಬಿಣದ ಸೀಟಿಗೂ ನಡುವೆ ಸೀಸದ ಬೂದಿ ತೆಳುವಾದ ಮೆತ್ತೆಯಾಗುತ್ತಿತ್ತು. ಅದಿಲ್ಲದಿದ್ದರೆ ಎರಡು ಲೋಹಗಳು ಕ್ಷಣಕ್ಷಣಕ್ಕೂ ಕಣಗಳಷ್ಟು ಬೆಸೆದುಕೊಂಡು, ಬಿಡಿಸಿಕೊಳ್ಳುವಾಗ ಸೀಟನ್ನು ಕಿತ್ತು ತರುತ್ತವೆ. ವಾಲ್ವ್ ಹೆಡ್ಡಿನೊಳಗೆ ಇಳಿಯುತ್ತಾ ಹೋಗುತ್ತದೆ. ಆದರೆ ಸೀಸ ಮಕ್ಕಳ ಮಿದುಳಿಗೆ ವಿಷ. ಬ್ರಿಟನ್ 1999ರ ಕೊನೆಗೆ, ಭಾರತ 2000ದಲ್ಲಿ ಸೀಸ ಬೆರೆತ ಪೆಟ್ರೋಲಿನ ಸಾಮಾನ್ಯ ಮಾರಾಟ ನಿಲ್ಲಿಸಿದ್ದು ಅತ್ಯಂತ ಸರಿಯಾದ ಕ್ರಮ.

ಆಗ ಬ್ರಿಟನ್ನಿನ ಹಳೆಯ ವಾಹನ ಕ್ಲಬ್ಬುಗಳ ಒಕ್ಕೂಟ ಗೋಳಾಡುತ್ತ ಕೂರಲಿಲ್ಲ. ಸೀಸದ ಬದಲು ಎಂದು ಮಾರುಕಟ್ಟೆಗೆ ಬಂದ ದ್ರಾವಣಗಳನ್ನು ಮೀರಾ ಎಂಬ ವಾಹನ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿತು. ತೇರ್ಗಡೆಯಾದವನ್ನು ಮಾತ್ರ ಸದಸ್ಯರಿಗೆ ಶಿಫಾರಸು ಮಾಡಿತು. ಎಂಜಿನ್ ಬಿಚ್ಚಿದವರಿಗೆ ಶಾಶ್ವತ ಪರಿಹಾರವೂ ಇದೆ: ಹಳೆಯ ಸೀಟು ಕೊರೆದು ಗಟ್ಟಿ ಮಿಶ್ರಲೋಹದ ಬಳೆ ಕೂರಿಸುವುದು.

ಮೊದಲ ಉಸಿರು

ಕಟ್ಟಿ ಮುಗಿದ ಎಂಜಿನ್ನಿಗೆ ಕೂಡಲೇ ಕಿಡಿ ಕೊಡುವಂತಿಲ್ಲ. ಪ್ಲಗ್ ತೆಗೆದು ಬರಿದೇ ತಿರುಗಿಸಿ ಆಯಿಲಿನ ಒತ್ತಡ ಬಂದದ್ದನ್ನು ಮಾಪಕದಲ್ಲಿ ನೋಡಬೇಕು. ಕ್ಯಾಮ್‌ಶಾಫ್ಟ್ ಹೊಸದಾಗಿದ್ದರೆ ಸ್ಟಾರ್ಟ್ ಆದ ಮೇಲೆ ಸುಮಾರು 20 ನಿಮಿಷ ಐಡ್ಲಿಂಗಿಗೆ ಬಿಡದೆ 2000 ಸುತ್ತಿನ ಆಚೀಚೆ ಓಡಿಸಬೇಕು. ಕ್ಯಾಮಿಗೆ ಆಯಿಲ್ ಸಿಗುವುದು ಬಹುಮಟ್ಟಿಗೆ ಕ್ರ್ಯಾಂಕ್ ಎರಚುವುದರಿಂದ. ನಿಧಾನವಾದರೆ ಅದು ಒಣಗುತ್ತದೆ. ಆ 20 ನಿಮಿಷ ಒಬ್ಬರು ಆಯಿಲ್ ಮಾಪಕ, ಒಬ್ಬರು ನೀರಿನ ಶಾಖ, ಒಬ್ಬರು ಸೋರಿಕೆ ನೋಡುತ್ತಾರೆ. ಹಿರಿಯರೊಬ್ಬರು ಉದ್ದನೆಯ ಸ್ಕ್ರೂಡ್ರೈವರ್ ಬ್ಲಾಕಿಗೆ ಒತ್ತಿ ಅದರ ಹಿಡಿಗೆ ಕಿವಿಯಿಟ್ಟು ಕೇಳುತ್ತಾರೆ. ಟಕಟಕ ಸದ್ದು ಟ್ಯಾಪೆಟ್ಟಿನದೋ ಬೇರಿಂಗಿನದೋ ಎಂಬುದನ್ನು ಆ ಕಿವಿ ಹೇಳುತ್ತದೆ.

ಆ ಕಿವಿಯ ಜ್ಞಾನ ಯಾವ ಮ್ಯಾನ್ಯುಯಲ್ಲಿನಲ್ಲೂ ಪೂರ್ತಿಯಾಗಿ ಬಂದಿಲ್ಲ. ಎಂಜಿ ಪ್ರೇಮಿಗಳು ಅದನ್ನು ಕೈಯಿಂದ ಕೈಗೆ ದಾಟಿಸಿ ಕಾರ್ಖಾನೆ ಮುಚ್ಚಿದ ಮೇಲೂ ಎಂಜಿನ್ನನ್ನು ಬದುಕಿಸಿಕೊಂಡರು. ಅದೇ ವಂಶದ ಎಂಜಿನ್ನಿನ ಅನುಭವ ನಮ್ಮೂರುಗಳ ಹಳೆಯ ಗ್ಯಾರೇಜುಗಳಲ್ಲೂ ಇದೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅದನ್ನು ಬಲ್ಲ ಕೈಗಳಿಗೆ ವಯಸ್ಸಾಗುತ್ತಿದೆ. ನಿಮ್ಮ ಊರಿನಲ್ಲಿ ಅಂಥ ಮೇಸ್ತ್ರಿಯೊಬ್ಬರಿದ್ದರೆ ಒಂದು ಸಂಜೆ ಅವರ ಬಳಿ ಕುಳಿತುಕೊಳ್ಳಿ. ಯಾವ ಸದ್ದಿಗೆ ಯಾವ ಕಾರಣ, ಯಾವ ಸಂದಿಗೆ ಎಷ್ಟು ಅಳತೆ ಎಂದು ಕೇಳಿ, ಕನ್ನಡದಲ್ಲೇ ಬರೆದಿಡಿ.