ಕಂಪ್ಯೂಟರಿನ ಸೆಕೆಗೆ ಗಾಳಿಯೋ, ನೀರೋ?

ಕರಾವಳಿಯ ಕನ್ನಡದಲ್ಲಿ ‘ಸೆಕೆ’ ಎಂಬುದೊಂದು ಮಾತಿದೆ. ಬಿಸಿಲು ಬೇರೆ, ಸೆಕೆ ಬೇರೆ. ಬಿಸಿಲಿಲ್ಲದ ರಾತ್ರಿಯಲ್ಲೂ ಸೆಕೆ ಇರುತ್ತದೆ; ನೆರಳಿನಲ್ಲಿ ಕುಳಿತರೂ ಮೈಯ ಬೆವರು ಆರುವುದಿಲ್ಲ. ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿರುವಾಗ ಬೆವರು ಹೋಗುವುದಾದರೂ ಎಲ್ಲಿಗೆ? ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನವರೆಗಿನ ಸೀಮೆಯಲ್ಲಿ ಮನೆ ಕಟ್ಟುವವರಿಂದ ಹಿಡಿದು ಬೋಟು ನಡೆಸುವವರ ತನಕ ಎಲ್ಲರೂ ಈ ಸೆಕೆಯ ಲೆಕ್ಕ ಹಾಕಿಯೇ ಕೆಲಸ ಮಾಡಿದವರು. ಈಗ ಆ ಸಾಲಿಗೆ ಹೊಸಬರು ಸೇರಿದ್ದಾರೆ. ಅವರು ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ಮನೆಯಲ್ಲೇ ಆಟದ ಕಂಪ್ಯೂಟರ್ ಜೋಡಿಸಿಕೊಳ್ಳುವ ತರುಣ ತರುಣಿಯರು.

ಇಂಥ ಕಂಪ್ಯೂಟರಿಗೆ ಲಕ್ಷ ರೂಪಾಯಿ ಸುರಿಯುವ ಮನೆಗಳಿವೆ. ಮುಂಬಯಿಯಲ್ಲೋ ಕೊಲ್ಲಿಯಲ್ಲೋ ದುಡಿಯುವ ಅಣ್ಣ ಕಳಿಸಿದ ಹಣವಿರಬಹುದು, ಎರಡು ವರ್ಷ ಕೂಡಿಟ್ಟ ಹಣವಿರಬಹುದು. ಪಟ್ಟಿ ಬರೆಯುತ್ತ ಹೋದಂತೆ ಒಂದು ಹಂತದಲ್ಲಿ ಎಲ್ಲರೂ ತಡವರಿಸುತ್ತಾರೆ. ಪ್ರೊಸೆಸರ್ ಚಿಪ್ಪನ್ನು ತಣಿಸಲು ಗಾಳಿಯ ಕೂಲರ್ ಸಾಕೇ, ನೀರಿನ ಕೂಲರ್ ಬೇಕೇ? ‘ನಮ್ಮೂರ ಸೆಕೆಗೆ ನೀರೇ ಬೇಕು’ ಎನ್ನುವವರು ಕೆಲವರು. ‘ಉಪ್ಪು ಗಾಳಿಯ ಊರಲ್ಲಿ ವಿದ್ಯುತ್ತಿನ ಪಕ್ಕ ನೀರಿಡುವುದೇ?’ ಎಂದು ಹೆದರಿಸುವವರು ಇನ್ನು ಕೆಲವರು. ಎರಡು ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯದೆ ಹಣ ಕೊಟ್ಟರೆ ಕೆಲವು ಸಾವಿರ ರೂಪಾಯಿ ಅನಾವಶ್ಯಕವಾಗಿ ಹೋಗುವುದುಂಟು.

ಹಂಚಿನ ಮಾಡು, ಮಣ್ಣಿನ ಹೂಜಿ

ತಂಪು ಮಾಡುವುದೆಂದರೆ ತಂಪನ್ನು ಎಲ್ಲಿಂದಲೋ ತಂದು ತುಂಬುವುದಲ್ಲ. ಶಾಖವನ್ನು ಇದ್ದಲ್ಲಿಂದ ಬೇರೆಡೆಗೆ ಸಾಗಿಸುವುದು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಕರಾವಳಿಯುದ್ದಕ್ಕೂ ಹರಡಿದ ಹಂಚಿನ ಮಾಡು ಈ ಕೆಲಸವನ್ನು ಗಾಳಿಯಿಂದಲೇ ಮಾಡಿತು. ಬಿಸಿಯಾದ ಗಾಳಿ ಮೇಲೇರಿ ಹಂಚುಗಳ ಸಂದಿಯಿಂದ ಹೊರಬೀಳುತ್ತದೆ, ಕೆಳಗಿನ ಕಿಟಕಿ ಬಾಗಿಲುಗಳಿಂದ ಹೊಸ ಗಾಳಿ ಒಳಬರುತ್ತದೆ. ಯಂತ್ರವಿಲ್ಲ, ಖರ್ಚಿಲ್ಲ.

ಮಣ್ಣಿನ ಹೂಜಿಯದು ಬೇರೆ ಉಪಾಯ. ಅದರ ಮೈಯಿಂದ ಒಸರುವ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಹೊರಗಿನ ಗಾಳಿ ಒಣಗಿದ್ದರೆ ಮಾತ್ರ ಇದು ಚೆನ್ನಾಗಿ ನಡೆಯುತ್ತದೆ. ಕಲಬುರಗಿ, ರಾಯಚೂರುಗಳ ಒಣ ಬೇಸಿಗೆಯಲ್ಲಿ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ. ಅಲ್ಲಿ ನೀರು ಹನಿಸುವ ಏರ್ ಕೂಲರುಗಳಿಗೆ ಒಳ್ಳೆಯ ಗಿರಾಕಿಯಿದೆ. ಅದೇ ಕೂಲರನ್ನು ಕುಂದಾಪುರಕ್ಕೆ ತಂದಿಟ್ಟರೆ ಕೋಣೆಯ ಪಸೆ ಹೆಚ್ಚುತ್ತದೆಯೇ ಹೊರತು ಸೆಕೆ ತಗ್ಗುವುದಿಲ್ಲ. ‘ನೀರು ಎಂದರೆ ತಂಪು’ ಎಂಬ ನಂಬಿಕೆ ಕರಾವಳಿಯಲ್ಲಿ ಸೋಲುವುದು ಇಲ್ಲಿಯೇ.

ಮೂರನೆಯ ಉಪಾಯ ಗಂಗೊಳ್ಳಿಯ ಬಂದರಿನಲ್ಲಿದೆ. ದೊಡ್ಡ ಬೋಟುಗಳ ಡೀಸೆಲ್ ಎಂಜಿನ್ನಿನೊಳಗೆ ಸಾಮಾನ್ಯವಾಗಿ ಸಿಹಿನೀರು ಸುತ್ತುತ್ತಿರುತ್ತದೆ. ಅದು ಹೊತ್ತು ತಂದ ಶಾಖವನ್ನು, ಹೊರಗಿನಿಂದ ಎಳೆದುಕೊಂಡ ಕಡಲ ನೀರು ಪಡೆದುಕೊಂಡು ಹೊರಗೆ ಚೆಲ್ಲುತ್ತದೆ. ಎರಡು ನೀರೂ ಬೆರೆಯುವುದಿಲ್ಲ. ಇಲ್ಲಿ ನೀರು ಗೆಲ್ಲುವುದಕ್ಕೆ ಕಾರಣ ಸ್ಪಷ್ಟ: ಶಾಖವನ್ನು ಎಷ್ಟು ಸುರಿದರೂ ಬಿಸಿಯೇರದ ಕಡಲು ಪಕ್ಕದಲ್ಲೇ ಇದೆ.

ಕೋಣೆಯಲ್ಲಿರುವ ಕಂಪ್ಯೂಟರಿಗೆ ಈ ಕಡಲಿಲ್ಲ. ಅದರ ಪಾಲಿಗೆ ಕಡಲೆಂದರೆ ಕೋಣೆಯೊಳಗಿನ ಗಾಳಿ. ಗಾಳಿಯ ಕೂಲರೇ ಇರಲಿ, ನೀರಿನ ಕೂಲರೇ ಇರಲಿ, ಕೊನೆಗೆ ಶಾಖ ಹೋಗಿ ಸೇರುವುದು ಅದೇ ಗಾಳಿಗೆ. ಇಡೀ ವಾದದ ತಿರುಳು ಇಷ್ಟೇ.

ದೊಡ್ಡ ಯಂತ್ರಗಳ ಹಳೆಯ ಚಿಂತೆ

ಕಂಪ್ಯೂಟರನ್ನು ತಣಿಸುವ ಚಿಂತೆ ಕಂಪ್ಯೂಟರಿನಷ್ಟೇ ಹಳೆಯದು. ಅಮೆರಿಕದಲ್ಲಿ 1946ರಲ್ಲಿ ಲೋಕಕ್ಕೆ ತೋರಿಸಲಾದ ‘ಎನಿಯಾಕ್’ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅವುಗಳ ಕಾವನ್ನು ಹೊರದೂಡಲು ದೊಡ್ಡ ದೊಡ್ಡ ಗಾಳಿಯಂತ್ರಗಳು ಸದಾ ಬೀಸುತ್ತಿರಬೇಕಿತ್ತು. 1960ರ ದಶಕದಲ್ಲಿ ಐಬಿಎಂ ಕಂಪನಿ ತನ್ನ ದೊಡ್ಡ ಯಂತ್ರಗಳಿಗೆ ನೀರು ಹಾಯಿಸಿತು. ಸೆಮೂರ್ ಕ್ರೇ ರೂಪಿಸಿ 1985ರಲ್ಲಿ ಹೊರಬಂದ ‘ಕ್ರೇ–2’ ಇನ್ನೂ ಮುಂದೆ ಹೋಗಿ, ವಿದ್ಯುತ್ ಹರಿಯದ ವಿಶೇಷ ದ್ರವದಲ್ಲಿ ಪೂರ್ತಿ ಮುಳುಗಿಯೇ ಕೆಲಸ ಮಾಡಿತು.

ಬಳಿಕ ಕಡಿಮೆ ವಿದ್ಯುತ್ ಕುಡಿಯುವ ಚಿಪ್ಪುಗಳು ಬಂದು, 1990ರ ದಶಕದಲ್ಲಿ ದೊಡ್ಡ ಯಂತ್ರಗಳು ಮತ್ತೆ ಗಾಳಿಗೆ ಮರಳಿದವು. ಕಾವು ಪುನಃ ಏರಿದಾಗ ನೀರು ಪುನಃ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ ಚಿಪ್ಪಿನ ಬಳಿಗೇ ದ್ರವ ಹಾಯಿಸಿ ತಣಿಸುವ ಜಾತಿಯ ಯಂತ್ರ. ಗಾಳಿಯಿಂದ ನೀರಿಗೆ, ನೀರಿನಿಂದ ಗಾಳಿಗೆ ಆದ ಈ ಓಡಾಟದಲ್ಲಿ ಘನತೆಯ ಪ್ರಶ್ನೆಯೇನೂ ಇರಲಿಲ್ಲ. ಇಷ್ಟು ಜಾಗದಲ್ಲಿ ಇಷ್ಟು ವಾಟ್ ಎಂಬ ಲೆಕ್ಕ ಮಾತ್ರವಿತ್ತು.

ಮನೆಯ ಕಂಪ್ಯೂಟರಿನ ಕಥೆಯೂ ಅದೇ. 1993ರ ಮೊದಲ ಪೆಂಟಿಯಂ ಚಿಪ್ಪಿನ ಕಾವು ಸುಮಾರು 15 ವಾಟ್. ಅಂಗೈ ಅಗಲಕ್ಕಿಂತ ಚಿಕ್ಕ ಫ್ಯಾನು ಸಾಕಾಗುತ್ತಿತ್ತು. ಇಂಟೆಲಿನ ‘ಕೋರ್ ಐ9–14900ಕೆ’ ಚಿಪ್ಪು ಪೂರ್ತಿ ದುಡಿಯುವಾಗ ಕಂಪನಿಯ ಲೆಕ್ಕದಲ್ಲೇ 253 ವಾಟ್ ತನಕ ಹೋಗುತ್ತದೆ. 1990ರ ದಶಕದ ಕೊನೆಗೆ ಪಾಶ್ಚಾತ್ಯ ದೇಶಗಳ ಹವ್ಯಾಸಿಗಳು ಮೀನಿನ ತೊಟ್ಟಿಯ ಪಂಪು, ಕಾರಿನ ಹೀಟರಿನ ರೇಡಿಯೇಟರುಗಳನ್ನು ಜೋಡಿಸಿ ತಮ್ಮ ಯಂತ್ರಕ್ಕೆ ನೀರು ಹಾಯಿಸಿಕೊಂಡರು. ಆ ಸಾಹಸವೇ ಮುಂದೆ ಕಾರ್ಖಾನೆಯಲ್ಲಿ ನೀರು ತುಂಬಿ ಮುಚ್ಚಿದ, ತಂದು ನಾಲ್ಕು ಸ್ಕ್ರೂ ಬಿಗಿದರೆ ಸಾಕೆನ್ನುವ ಸಿದ್ಧ ಕೂಲರುಗಳಾಗಿ ಅಂಗಡಿಗೆ ಬಂತು.

‘ಗಾಳಿ’ಯ ಕೂಲರಿನೊಳಗೂ ನೀರಿದೆ

ಓದುಗರಿಗೆ ಅಚ್ಚರಿಯೆನಿಸಬಹುದು, ಇಂದಿನ ಒಳ್ಳೆಯ ಗಾಳಿಯ ಕೂಲರಿನೊಳಗೂ ನೀರಿದೆ. ಚಿಪ್ಪಿನ ಮೇಲೆ ಕೂರುವ ತಾಮ್ರದ ತಳದಿಂದ ಮೇಲಕ್ಕೆ ಹೋಗುವ ಕೊಳವೆಗಳನ್ನು ಹೀಟ್ ಪೈಪ್ ಎನ್ನುತ್ತಾರೆ. ಒಳಗಿನ ಗಾಳಿಯನ್ನು ತೆಗೆದು, ಕೆಲವೇ ಹನಿ ನೀರು ಬಿಟ್ಟು, ಎರಡೂ ತುದಿ ಮುಚ್ಚಿರುತ್ತಾರೆ. ಕೆಳಗೆ ಚಿಪ್ಪಿನ ಕಾವಿಗೆ ನೀರು ಆವಿಯಾಗುತ್ತದೆ, ಮೇಲೆ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ತಣಿದು ಮತ್ತೆ ನೀರಾಗಿ ಹಿಂತಿರುಗುತ್ತದೆ. ಪಂಪಿಲ್ಲ, ವಿದ್ಯುತ್ ಬೇಡ. ಈ ತತ್ತ್ವಕ್ಕೆ 1944ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ದೊರೆತಿತ್ತು. ಲಾಸ್ ಅಲಾಮೊಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ 1963ರಲ್ಲಿ ಅದನ್ನು ಹೊಸದಾಗಿ ರೂಪಿಸಿದ ಮೇಲೆ ಬಾಹ್ಯಾಕಾಶ ನೌಕೆಗಳಿಗೂ ಹೋಯಿತು.

ನೀರಿನ ಕೂಲರಿನಲ್ಲಿ ಚಿಪ್ಪಿನ ಮೇಲೆ ತಾಮ್ರದ ಪುಟ್ಟ ಪೆಟ್ಟಿಗೆ, ಒಂದು ಪಂಪು, ಎರಡು ರಬ್ಬರ್ ನಳಿಗೆ, ಕ್ಯಾಬಿನೆಟ್ಟಿನ ಅಂಚಿನಲ್ಲಿ ಫ್ಯಾನುಗಳಿರುವ ರೇಡಿಯೇಟರ್ ಇರುತ್ತವೆ. ಒಂದು ಲೀಟರ್ ನೀರು ಅಷ್ಟೇ ಗಾತ್ರದ ಗಾಳಿಗಿಂತ ಸುಮಾರು 3,500 ಪಟ್ಟು ಹೆಚ್ಚು ಶಾಖ ಹೊರಬಲ್ಲದು. ಇದು ನಿಜ. ಆದರೆ ಹೊತ್ತದ್ದನ್ನು ಇಳಿಸಬೇಕಲ್ಲ? ರೇಡಿಯೇಟರಿನ ಫ್ಯಾನು ಅದನ್ನು ಕೋಣೆಯ ಗಾಳಿಗೇ ಇಳಿಸುತ್ತದೆ. ಹೀಗಾಗಿ ನೀರಿನ ಲಾಭ ಮುಖ್ಯವಾಗಿ ಎರಡು. ಚಿಪ್ಪಿನ ಬಳಿಯ ಇಕ್ಕಟ್ಟಿನಿಂದ ಶಾಖವನ್ನು ದೂರದ ಅಂಚಿಗೆ ಒಯ್ಯಬಹುದು. ಅಲ್ಲಿ ಮೂರು ಫ್ಯಾನಿನಷ್ಟು ಉದ್ದದ ರೇಡಿಯೇಟರ್ ಕೂರಿಸಬಹುದು. ಆಟ ಶುರುವಾದ ಮೊದಲ ಹದಿನೈದು ನಿಮಿಷ ಎಲ್ಲವೂ ತಣ್ಣಗೆ ಕಾಣುವುದು ನೀರು ಕಾಯಲು ಹೊತ್ತು ಹಿಡಿಯುವುದರಿಂದ. ನೀರು ಒಮ್ಮೆ ಕಾದ ಮೇಲೆ ಸ್ಪರ್ಧೆ ರೇಡಿಯೇಟರಿಗೂ ಗಾಳಿ ಕೂಲರಿನ ರೆಕ್ಕೆಗಳಿಗೂ ನಡುವೆ ಮಾತ್ರ.

ಕರಾವಳಿಯ ಲೆಕ್ಕ

ಈ ತಿಳಿವಳಿಕೆಯನ್ನು ನಮ್ಮ ಊರಿಗೆ ತಂದು ನೋಡೋಣ. ಮೊದಲನೆಯದು ಕೋಣೆಯ ಉಷ್ಣತೆ. ಬೆಂಗಳೂರಿನ ಕೋಣೆಯಲ್ಲಿ 24 ಡಿಗ್ರಿ, ಬೈಂದೂರಿನ ಕೋಣೆಯಲ್ಲಿ 33 ಡಿಗ್ರಿ ಇದ್ದರೆ, ಅದೇ ಕಂಪ್ಯೂಟರಿನ ಚಿಪ್ಪು ಬೈಂದೂರಿನಲ್ಲಿ ಸುಮಾರು ಒಂಬತ್ತು ಡಿಗ್ರಿ ಹೆಚ್ಚು ಕಾಯುತ್ತದೆ. ಕೂಲರ್ ಯಾವುದಾದರೂ ಈ ಒಂಬತ್ತು ಡಿಗ್ರಿಯಿಂದ ಬಿಡುಗಡೆಯಿಲ್ಲ. ನೀರಿನ ಕೂಲರ್ ಕೋಣೆಯನ್ನು ತಂಪು ಮಾಡುವುದೂ ಇಲ್ಲ. 500 ವಾಟ್ ಎಳೆಯುವ ಯಂತ್ರ, ಸುಮ್ಮನೆ ಕುಳಿತ ಐದು ಮಂದಿಯ ಮೈಕಾವಿನಷ್ಟನ್ನು ಕೋಣೆಗೆ ಸೇರಿಸುತ್ತಲೇ ಇರುತ್ತದೆ. ಅದಕ್ಕೆ ಮದ್ದು ತೆರೆದ ಕಿಟಕಿ, ಇಲ್ಲವೇ ಎ.ಸಿ.

ಎರಡನೆಯದು ಪಸೆ. ಹೂಜಿಗೆ ಅಡ್ಡಿಯಾದ ಗಾಳಿಯ ಪಸೆ ಈ ಎರಡು ಕೂಲರುಗಳಿಗೂ ಅಡ್ಡಿಯಲ್ಲ. ಎರಡರ ನೀರೂ ಮುಚ್ಚಿದ ಕೊಳವೆಯೊಳಗಿದೆ. ಹೊರಗಿನ ಗಾಳಿಗೆ ಆವಿಯಾಗುವುದಿಲ್ಲ. ‘ತಂಪು ಹೆಚ್ಚಾಗಿ ಮದರ್‌ಬೋರ್ಡಿನ ಮೇಲೆ ಇಬ್ಬನಿ ಕೂರುತ್ತದೆ’ ಎಂಬ ಭಯವೂ ಬೇಡ. ಇವು ಕೋಣೆಯ ಗಾಳಿಗಿಂತ ತಣ್ಣಗಾಗಲಾರವು, ಆದ್ದರಿಂದ ಇಬ್ಬನಿ ಕಟ್ಟದು. ಅಪಾಯವಿರುವುದು ಬೇರೆ ಕಡೆ. ರಾತ್ರಿಯೆಲ್ಲ ಎ.ಸಿ. ಹಾಕಿ ಮಳೆಗಾಲದ ಬೆಳಿಗ್ಗೆ ಕಿಟಕಿ ತೆರೆದರೆ, ತಣ್ಣಗಿರುವ ಲೋಹದ ಮೇಲೆ ಪಸೆ ಹನಿಯಾಗಬಹುದು. ಎ.ಸಿ. ಕಾರಿನಿಂದ ಇಳಿದವರ ಕನ್ನಡಕ ಮಂಜಾಗುವಂತೆ. ಸ್ವಲ್ಪ ಹೊತ್ತು ಬಿಟ್ಟು ಯಂತ್ರ ಚಾಲೂ ಮಾಡುವುದು ಲೇಸು. ಮಳೆಗಾಲದಲ್ಲಿ ದಿನಕ್ಕೊಮ್ಮೆ ಚಾಲೂ ಮಾಡಿದರೆ ಒಳಗಿನ ಕಾವೇ ಪಸೆಯನ್ನು ಆರಿಸುತ್ತದೆ. ವಾರಗಟ್ಟಲೆ ಮುಚ್ಚಿಟ್ಟರೆ ಚರ್ಮದ ಚಪ್ಪಲಿಯಂತೆ ಅದಕ್ಕೂ ಬೂಷ್ಟು ಹಿಡಿಯಬಹುದು.

ಮೂರನೆಯದು ಉಪ್ಪು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ ಇರುವ ಮರವಂತೆಯಂಥ ಜಾಗದಲ್ಲಿ ಕಿಟಕಿಯ ಸರಳು, ಸೈಕಲ್ಲಿನ ರಿಮ್ಮು ಎಷ್ಟು ಬೇಗ ತುಕ್ಕು ಹಿಡಿಯುತ್ತವೆಂದು ಯಾರಿಗೂ ಹೇಳಬೇಕಾಗಿಲ್ಲ. ತಾಮ್ರ ಮತ್ತು ಅಲ್ಯೂಮಿನಿಯಂ ತಾಗಿಕೊಂಡಿರುವಲ್ಲಿ ಉಪ್ಪಿನ ಪಸೆ ಬಿದ್ದರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಆದ್ದರಿಂದ ಗಾಳಿ ಕೂಲರ್ ಕೊಳ್ಳುವಾಗ ನಿಕ್ಕಲ್ ಲೇಪವಿರುವುದನ್ನು ಆರಿಸಬೇಕು. ನೀರಿನ ಕೂಲರಿನಲ್ಲೂ ತಾಮ್ರದ ಪೆಟ್ಟಿಗೆ, ಅಲ್ಯೂಮಿನಿಯಂ ರೇಡಿಯೇಟರ್ ಇರುವುದೇ ಸಾಮಾನ್ಯ. ಒಳಗಿನ ದ್ರವದಲ್ಲಿರುವ ರಾಸಾಯನಿಕ ಅವುಗಳನ್ನು ಕಾಪಾಡುತ್ತದೆ. ಕಡಿಮೆಯಾಯಿತೆಂದು ಬಾವಿಯ ನೀರು ಸೇರಿಸಿದರೆ ಕೆಟ್ಟಿತೆಂದೇ ಅರ್ಥ. ಎರಡಕ್ಕೂ ಬೇಕಾದ ಆರೈಕೆಯೆಂದರೆ ಕ್ಯಾಬಿನೆಟ್ಟಿಗೆ ಧೂಳು ತಡೆಯುವ ಜಾಲರಿ, ಎರಡು ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್ಷು.

ನಾಲ್ಕನೆಯದು ರಿಪೇರಿ. ಗಾಳಿ ಕೂಲರಿನಲ್ಲಿ ತಿರುಗುವ ವಸ್ತು ಫ್ಯಾನು ಮಾತ್ರ. ಅದು ಕೆಟ್ಟರೆ ಕೆಲವು ನೂರು ರೂಪಾಯಿಗೆ ಇನ್ನೊಂದು ಹಾಕಬಹುದು. ಲೋಹದ ಭಾಗ ಮುಂದಿನ ಕಂಪ್ಯೂಟರಿಗೂ ಬರುತ್ತದೆ. ನೀರಿನ ಕೂಲರಿನ ಪಂಪು ನಿಂತರೆ ಇಡೀ ಕೂಲರನ್ನೇ ಬದಲಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಪಕ್ಕದಲ್ಲಿರುವವರು ಅದೇ ದಿನ ಇನ್ನೊಂದನ್ನು ತಂದಾರು. ಅಲ್ಲಿಂದ 400 ಕಿಲೋಮೀಟರಿಗೂ ದೂರವಿರುವ ಕುಂದಾಪುರದವರು ಪಾರ್ಸೆಲ್ಲಿಗೆ ಕಾಯಬೇಕು. ನಳಿಗೆಯ ಗೋಡೆಯ ಮೂಲಕ ದ್ರವ ವರ್ಷಗಳಲ್ಲಿ ಅಷ್ಟಷ್ಟೇ ಇಂಗಿಹೋಗುವುದೂ ಉಂಟು. ಸೋರಿಕೆ ಅಪರೂಪ, ಆದರೆ ಇಲ್ಲವೆಂದಲ್ಲ. 2004ರಲ್ಲಿ ಆ್ಯಪಲ್ ಕಂಪನಿ ಹೊರತಂದ ದ್ರವ ತಂಪಿನ ‘ಪವರ್ ಮ್ಯಾಕ್ ಜಿ5’ ಯಂತ್ರಗಳಲ್ಲಿ ಕೆಲವು ಮುಂದೆ ಸೋರಿ ಕೆಟ್ಟದ್ದು ದಾಖಲಾಗಿದೆ.

ನೀರು ಗೆಲ್ಲುವುದು ಎಲ್ಲಿ?

ಹಾಗೆಂದು ನೀರು ಬೇಡವೇ ಬೇಡ ಎನ್ನಲಾಗದು. ಆಟದ ಜೊತೆಗೆ ವಿಡಿಯೊ ಸಂಕಲನ, ಅನಿಮೇಷನ್ ಮುಂತಾದ ಕೆಲಸಗಳಲ್ಲಿ 200 ವಾಟ್ ಮೀರಿ ಗಂಟೆಗಟ್ಟಲೆ ದುಡಿಯುವ ಚಿಪ್ಪಿಗೆ 33 ಡಿಗ್ರಿಯ ಕೋಣೆಯಲ್ಲಿ ಮೂರು ಫ್ಯಾನಿನ ರೇಡಿಯೇಟರ್ ನಿಜವಾಗಿ ನೆರವಾಗುತ್ತದೆ. ದೊಡ್ಡ ಗಾಳಿ ಕೂಲರುಗಳ ತೂಕ ಒಂದು ಕಿಲೋ ಮೀರುವುದರಿಂದ, ಘಾಟಿಯ ತಿರುವುಗಳಲ್ಲಿ ಹಾಸ್ಟೆಲಿಗೆ ಒಯ್ಯುವ ಯಂತ್ರದ ಮದರ್‌ಬೋರ್ಡಿಗೆ ಅದು ಭಾರವೂ ಹೌದು. ನೀರಿನದನ್ನು ಹಾಕಿಸುವವರು ಒಂದು ಮಾತು ನೆನಪಿಡಬೇಕು: ಇಡೀ ಸುತ್ತಿನಲ್ಲಿ ಪಂಪು ಅತಿ ಎತ್ತರದ ಜಾಗದಲ್ಲಿರಬಾರದು. ಗಾಳಿಯ ಗುಳ್ಳೆ ಬಂದು ಸೇರುವುದು ಅಲ್ಲಿಗೇ.

ಆದರೆ ಆಟವನ್ನಷ್ಟೇ ಆಡುವವರಲ್ಲಿ ಹೆಚ್ಚಿನವರ ಚಿಪ್ಪು ಆಟದ ಹೊತ್ತಿನಲ್ಲಿ 100 ವಾಟ್ ಆಸುಪಾಸಿನಲ್ಲೇ ಇರುತ್ತದೆ. ನಿಜವಾದ ಒಲೆ ಗ್ರಾಫಿಕ್ಸ್ ಕಾರ್ಡು. ‘ಆರ್‌ಟಿಎಕ್ಸ್ 4090’ ಕಾರ್ಡಿನ ಲೆಕ್ಕ 450 ವಾಟ್. ಚಿಪ್ಪಿಗೆ ಹಾಕಿದ ನೀರು ಇದನ್ನು ಮುಟ್ಟುವುದೂ ಇಲ್ಲ. ಅದು ಉಸಿರಾಡುವುದು ಕ್ಯಾಬಿನೆಟ್ಟಿನೊಳಗೆ ಹರಿದಾಡುವ ಗಾಳಿಯನ್ನು. ನೀರಿನ ಕೂಲರಿಗೆಂದು ಎತ್ತಿಟ್ಟ ಹೆಚ್ಚಿನ ಹಣದಲ್ಲಿ ಮುಖಕ್ಕೆ ಗಾಜಿನ ಬದಲು ಜಾಲರಿಯಿರುವ ಕ್ಯಾಬಿನೆಟ್, ಮುಂದಿನಿಂದ ಗಾಳಿ ಎಳೆಯುವ ಎರಡು ಫ್ಯಾನು, ಹಿಂದಿನಿಂದ ದೂಡುವ ಒಂದು ಫ್ಯಾನು ಕೊಂಡರೆ ಚಿಪ್ಪಿಗೂ ಕಾರ್ಡಿಗೂ ಒಟ್ಟಿಗೇ ಲಾಭ. ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ, ಮೇಜಿನ ಕೆಳಗಿನ ಪೆಟ್ಟಿಗೆಯೊಳಗೆ ತುರುಕಿಟ್ಟರೆ ಯಾವ ಕೂಲರೂ ಕಾಯದು.

ಹಂಚಿನ ಮಾಡು ಕಟ್ಟಿದವರು ಇದನ್ನೇ ಮಾಡಿದ್ದರು: ಒಳಬರಲು ಒಂದು ದಾರಿ, ಹೊರಹೋಗಲು ಇನ್ನೊಂದು. ಕೂಲರಿನ ಬೆಲೆಪಟ್ಟಿ ಬಿಡಿಸುವ ಮೊದಲು ಆ ಎರಡು ದಾರಿ ತೆರೆದಿವೆಯೇ ಎಂದು ನೋಡಿಕೊಂಡರೆ, ಬಹುಪಾಲು ಮನೆಗಳಲ್ಲಿ ನೀರಿನ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.