ಮೂರ್ಛೆರೋಗದ ಔಷಧ ಮತ್ತು ಕೀಲುವಾತದ ಜೀವಕೋಶ

ಜನಪದರ ರೋಗಕಲ್ಪನೆಯಲ್ಲಿ ಮೂರ್ಛೆರೋಗ ಮತ್ತು ಕೀಲುವಾತಗಳು ಬೇರೆ ಬೇರೆ ನೆಲೆಗೆ ಸೇರಿದವು. ಮೊದಲನೆಯದನ್ನು ಗಾಳಿಸೋಂಕೆಂದು ಬಗೆದು, ಬಿದ್ದವರ ಕೈಗೆ ಬೀಗದ ಕೈಯನ್ನೋ ಕಬ್ಬಿಣದ ತುಂಡನ್ನೋ ಕೊಡುವ ರೂಢಿಯಿದೆ. ಎರಡನೆಯದಕ್ಕೆ ಎಣ್ಣೆ, ಶಾಖ, ಲಕ್ಕಿಸೊಪ್ಪುಗಳ ಉಪಚಾರವಿದೆ. ಆಧುನಿಕ ವೈದ್ಯವೂ ಒಂದನ್ನು ಮಿದುಳಿಗೆ, ಇನ್ನೊಂದನ್ನು ರೋಗನಿರೋಧ ವ್ಯವಸ್ಥೆಗೆ ಸಂಬಂಧಿಸಿ ನೋಡುತ್ತದೆ. ಆದರೆ ಮೂರ್ಛೆರೋಗದ ಕೆಲವು ಔಷಧಗಳು ಕೀಲಿನ ಜೀವಕೋಶಗಳನ್ನೂ ತಲುಪುತ್ತವೆ ಎಂಬುದು ಗಮನಾರ್ಹ.

ಆರೋಗ್ಯವಂತ ಕೀಲಿನ ಒಳಪೊರೆ ಕೆಲವೇ ಕೋಶಗಳಷ್ಟು ತೆಳುವಾಗಿರುತ್ತದೆ. ಅದರಲ್ಲಿರುವ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಕೀಲಿಗೆ ಜಾರುದ್ರವವನ್ನು ಒದಗಿಸುತ್ತವೆ. ರುಮಟಾಯ್ಡ್ ಕೀಲುವಾತದಲ್ಲಿ ಇವೇ ಕೋಶಗಳು ಮಿತಿಮೀರಿ ಬೆಳೆದು, ಉರಿಯೂತವನ್ನು ಕೆರಳಿಸುವ ಇಂಟರ್‌ಲ್ಯೂಕಿನ್-6ನ್ನೂ ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳನ್ನೂ ಸ್ರವಿಸುತ್ತವೆ.

ಮೆರಿಟ್ ಮತ್ತು ಪಟ್ನಮ್ 1938ರಲ್ಲಿ ಬಳಕೆಗೆ ತಂದ ಫೆನಿಟಾಯಿನ್ ಕೆಲವರಲ್ಲಿ ಒಸಡನ್ನು ಊದಿಸುತ್ತದೆ. ಔಷಧದ ಪ್ರಭಾವ ಮಿದುಳಿಗಷ್ಟೇ ಸೀಮಿತವಲ್ಲ, ಸಂಯೋಜಕ ಅಂಗಾಂಶಕ್ಕೂ ಉಂಟು ಎಂಬುದಕ್ಕೆ ಇದು ನಿದರ್ಶನ. 1980ರ ದಶಕದಲ್ಲಿ ಇದನ್ನು ಕೀಲುವಾತದ ರೋಗಿಗಳ ಮೇಲೆ ಸಣ್ಣ ಪ್ರಮಾಣದಲ್ಲಿ ಪ್ರಯೋಗಿಸಲಾಯಿತಾದರೂ ಅದು ರೂಢಿಯ ಚಿಕಿತ್ಸೆಯಾಗಲಿಲ್ಲ.

ವಾಲ್‌ಪ್ರೋಯಿಕ್ ಆಮ್ಲದ ಕಥೆ ಇನ್ನೂ ಕುತೂಹಲಕರ. 1882ರಲ್ಲಿ ತಯಾರಾದ ಇದು ದೀರ್ಘಕಾಲ ಕೇವಲ ದ್ರಾವಕವಾಗಿತ್ತು. ಇದರ ಸೆಳವುನಿರೋಧಕ ಗುಣ 1960ರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಆಕಸ್ಮಿಕವಾಗಿ ತಿಳಿದುಬಂದಿತು. ಇದು ಹಿಸ್ಟೋನ್ ಡಿಅಸಿಟೈಲೇಸ್ ಎಂಬ ಕಿಣ್ವವನ್ನು ತಡೆಯುತ್ತದೆಂದು 2001ರಲ್ಲಿ ಗೊತ್ತಾಯಿತು. ರಾಟೆಯ ಕದಿರಿಗೆ ನೂಲು ಸುತ್ತಿದಂತೆ ಡಿಎನ್‌ಎ ಹಿಸ್ಟೋನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಈ ಕಿಣ್ವ ಆ ಸುತ್ತನ್ನು ಬಿಗಿಗೊಳಿಸುತ್ತದೆ. ಅದನ್ನು ತಡೆದಾಗ ಸುತ್ತು ಸಡಿಲಗೊಂಡು, ಕೋಶವಿಭಜನೆಗೆ ಕಡಿವಾಣ ಹಾಕುವ ಜೀನ್‌ಗಳು ಎಚ್ಚರಗೊಳ್ಳಬಲ್ಲವು. ಈ ಬಗೆಯ ತಡೆಕಾರಕಗಳು ಪ್ರಯೋಗಾಲಯದಲ್ಲಿ ಕೀಲುಕೋಶಗಳ ಬೆಳವಣಿಗೆಯನ್ನು ತಗ್ಗಿಸಿವೆ; ವಾಲ್‌ಪ್ರೋಯಿಕ್ ಆಮ್ಲವು ಇಲಿಗಳಲ್ಲಿ ಸಂಧಿವಾತದ ತೀವ್ರತೆಯನ್ನು ಕುಗ್ಗಿಸಿದೆ.

ಆದರೆ ಗಾಜಿನ ತಟ್ಟೆಯಲ್ಲಿ ಕಂಡ ಗುಣ ಚಿಕಿತ್ಸೆಯಲ್ಲ. ಗರ್ಭಿಣಿಯರು ಸೇವಿಸಿದರೆ ವಾಲ್‌ಪ್ರೋಯೇಟ್ ಭ್ರೂಣಕ್ಕೆ ತೀವ್ರ ಹಾನಿ ಮಾಡಬಲ್ಲದು. ಕೀಲುವಾತವಾದರೋ ಸ್ತ್ರೀಯರಲ್ಲೇ ಹೆಚ್ಚು. ಫೀನೊಬಾರ್ಬಿಟಲ್ ದೀರ್ಘಕಾಲ ಸೇವಿಸಿದ ಕೆಲವರಲ್ಲಿ ಭುಜ ಬಿಗಿಯುವುದುಂಟು. ಇದೂ ಫೆನಿಟಾಯಿನ್, ಕಾರ್ಬಮಜೆಪಿನ್‌ಗಳೂ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ, ಕೀಲುವಾತಕ್ಕೆ ಕೊಡುವ ಪ್ರೆಡ್ನಿಸೊಲೋನಿನ ಬಲವನ್ನು ಕುಂದಿಸುತ್ತವೆ. ಹಾಗೆಂದು ಮೂರ್ಛೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಾಂತಿಕ ಸೆಳವು ಮರುಕಳಿಸಬಹುದು.

ಎರಡೂ ರೋಗಗಳಿರುವವರು ಒಂದಕ್ಕೆ ಪಡೆಯುವ ಔಷಧವನ್ನು ಇನ್ನೊಂದರ ವೈದ್ಯರಿಗೆ ತಿಳಿಸುವುದು ಆದ್ದರಿಂದಲೇ ಅನಿವಾರ್ಯ. ಮಾತ್ರೆಯ ಜೊತೆಗೇ ನಾಟಿಮದ್ದನ್ನೂ ಸೇವಿಸುವವರು ಅದನ್ನು ವೈದ್ಯರ ಮುಂದೆ ಹೇಳದಿರುವುದೇ ಹೆಚ್ಚು. ಜನಪದ ವೈದ್ಯದ ಅಧ್ಯಯನಕಾರರು ಗಿಡಮೂಲಿಕೆಗಳ ಹೆಸರುಗಳನ್ನಷ್ಟೇ ಅಲ್ಲ, ಅವುಗಳ ಜೊತೆಗೆ ರೋಗಿ ನುಂಗುತ್ತಿರುವ ಮಾತ್ರೆಗಳನ್ನೂ ದಾಖಲಿಸಬೇಕಾದ ಅಗತ್ಯ ಇಲ್ಲಿ ಸ್ಪಷ್ಟವಾಗುತ್ತದೆ.