ಮುದಿ ಕೋಳಿ, ಕಾಯಿಲೆ ಕೋಳಿ: ಅಂಗಳದ ಒಂದು ಕಷ್ಟದ ಕೆಲಸ

ನಮ್ಮ ಸದಸ್ಯರಲ್ಲಿ ಹಲವರಿಗೆ ಕರ್ಜತ್, ಪನ್ವೇಲ್, ಮುರಬಾಡ್ ಕಡೆ ಚಿಕ್ಕದೋ ದೊಡ್ಡದೋ ಒಂದು ಜಾಗ ಇದೆ. ಅಲ್ಲಿ ಹತ್ತಿಪ್ಪತ್ತು ಊರ ಕೋಳಿಗಳೂ ಇರುತ್ತವೆ. ಊರಿನ ಮನೆಯನ್ನು ಉಳಿಸಿಕೊಂಡವರ ಮಾತಂತೂ ಹೇಳುವುದೇ ಬೇಡ. ದಿನವೂ ಹೊಟೇಲಿಗೆ ಕಿಲೋಗಟ್ಟಲೆ ಚಿಕನ್ ತರಿಸುವ ನಾವು, ಅಂಗಳದಲ್ಲಿ ತೂಕಡಿಸುತ್ತ ನಿಂತ ಒಂದು ಹೇಂಟೆಯ ಎದುರು ಏನು ಮಾಡಬೇಕೆಂದು ತೋಚದೆ ನಿಲ್ಲುತ್ತೇವೆ. ಹಿಂದೆ ಊರಿನಲ್ಲಿ ಈ ಕೆಲಸಕ್ಕೆ ಕೈ ಪಳಗಿದ ಒಬ್ಬರು ಇದ್ದೇ ಇರುತ್ತಿದ್ದರು. ಈಗ ಅದು ಜಾಗ ನೋಡಿಕೊಳ್ಳುವ ಹುಡುಗನ ಪಾಲಿಗೆ ಬಂದಿದೆ.

ನನ್ನ ಜಾಗದಲ್ಲಿ ನಡೆದುದನ್ನೇ ಹೇಳುತ್ತೇನೆ. ಕಾಯಿಲೆ ಬಿದ್ದ ಕೋಳಿಯನ್ನು ಹುಡುಗ ಮೊಂಡು ಕತ್ತಿಯಿಂದ ಕೊಯ್ಯಲು ಹೋದ. ಅರ್ಧ ಕೊಯ್ದಾಗ ಅದು ಕೈ ಜಾರಿ ಅಂಗಳವಿಡೀ ಓಡಿತು. ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಮರುದಿನದ ಸಂಗತಿ. ಅದೇ ಗೂಡಿನ ಇನ್ನೆರಡು ಕೋಳಿಗಳನ್ನು ಅವನು ಕೊಯ್ದು, ಸ್ವಚ್ಛ ಮಾಡಿ, ಫ್ರಿಜ್‌ನಲ್ಲಿಟ್ಟಿದ್ದ. "ಶೇಠ್, ಸಾಯುವ ಮೊದಲೇ ಕೊಯ್ದೆ. ಹೊಟೇಲಿಗೆ ಆಗ್ತದಲ್ಲ?" ಎಂದು ಕೇಳಿದ. ಅವನದು ಕೆಟ್ಟ ಉದ್ದೇಶವಲ್ಲ, ಮಾಲು ಹಾಳಾಗಬಾರದೆಂಬ ಕಾಳಜಿ ಅಷ್ಟೆ. ಆದರೆ ಆ ಎರಡು ಕೋಳಿ ಕಿಚನ್ನಿಗೆ ಬಂದಿದ್ದರೆ?

ಆದ್ದರಿಂದ ಮೊದಲು ತೀರ್ಮಾನಿಸಬೇಕಾದುದು, ಇದು ಮುದಿ ಕೋಳಿಯೋ ಕಾಯಿಲೆ ಕೋಳಿಯೋ ಎಂದು. ಮೊಟ್ಟೆ ನಿಲ್ಲಿಸಿದ್ದರೂ ಚೆನ್ನಾಗಿ ಮೇಯುತ್ತ, ಕೆದರುತ್ತ ಇರುವ ಹೇಂಟೆ ಮನೆಯ ಅಡುಗೆಗೆ ಆಗುತ್ತದೆ. ಗರಿ ಕೆದರಿ, ಕಣ್ಣು ಮುಚ್ಚಿ ಮೂಲೆಯಲ್ಲಿ ನಿಂತಿರುವುದು, ಹಸಿರು ಭೇದಿ ಮಾಡುವುದು, ಕತ್ತು ತಿರುಚುವುದು (ಇದು ರಾಣಿಖೇತ್, ಅಂದರೆ ಕೊಕ್ಕರೆ ರೋಗದ ಲಕ್ಷಣ) ಮನುಷ್ಯರ ಹೊಟ್ಟೆಗೂ ಬೇಡ, ನಾಯಿಗೂ ಬೇಡ. ಔಷಧಿ ಕೊಡುತ್ತಿರುವ ಕೋಳಿಯೂ ಅಷ್ಟೆ. ಆ ಔಷಧಿಗೆ ಹೇಳಿದಷ್ಟು ದಿನ ಕಳೆಯುವವರೆಗೆ ಅದರ ಮಾಂಸ, ಮೊಟ್ಟೆ ಎರಡೂ ವರ್ಜ್ಯ.

ಮೂರನೆಯದೊಂದು ಸಂದರ್ಭವಿದೆ. ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸತ್ತರೆ, ಜುಟ್ಟು ಊದಿ ನೀಲಿಗಟ್ಟಿದರೆ ಯಾವುದನ್ನೂ ಕೊಯ್ಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಸರಕಾರಿ ಪಶುವೈದ್ಯರಿಗೆ ತಿಳಿಸಿ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕುರಿತ 2009ರ ಕಾಯ್ದೆಯ ಪ್ರಕಾರ ಸೂಚನೆ ಕೊಡುವುದು ಸಾಕುವವನ ಕರ್ತವ್ಯ. 2006ರ ಫೆಬ್ರವರಿಯಲ್ಲಿ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿ ಹಕ್ಕಿಜ್ವರ ಪತ್ತೆಯಾದಾಗ ನಮ್ಮ ಚಿಕನ್ ವ್ಯಾಪಾರ ಹೇಗೆ ಮಲಗಿತ್ತೆಂಬುದನ್ನು ಹಳಬರು ಮರೆತಿರಲಾರರು.

ಇನ್ನು ಕೆಲಸದ ವಿಚಾರ. ಕೋಳಿಯನ್ನು ಅಟ್ಟಿಸಿಕೊಂಡು ಓಡಬಾರದು. ಮುಸ್ಸಂಜೆ ಗೂಡು ಸೇರಿದ ಮೇಲೆ ಎರಡೂ ಕೈಯಿಂದ ಮೆಲ್ಲನೆ ಎತ್ತಿಕೊಂಡರೆ ಅದು ಸುಮ್ಮನಿರುತ್ತದೆ. ಉಳಿದ ಕೋಳಿಗಳ ಕಣ್ಣಿಗೆ ಬೀಳದ ಕಡೆ ಒಯ್ಯಿರಿ. ಕೆಲಸ ಮಾಡುವ ಕ್ಷಣದವರೆಗೂ ತಲೆಕೆಳಗಾಗಿ ಹಿಡಿಯಬೇಡಿ.

ರಕ್ತ ಚೆಲ್ಲದೆ, ಬೇಗ ಮುಗಿಯುವ ವಿಧಾನವೆಂದರೆ ಕತ್ತಿನ ಮೂಳೆಯನ್ನು ತಲೆಬುರುಡೆಯಿಂದ ಬೇರ್ಪಡಿಸುವುದು. ಎಡಗೈಯಲ್ಲಿ ಎರಡೂ ಕಾಲುಗಳನ್ನು, ಸಾಧ್ಯವಾದರೆ ರೆಕ್ಕೆಯ ತುದಿಗಳನ್ನೂ ಸೇರಿಸಿ ಸೊಂಟದ ಮಟ್ಟದಲ್ಲಿ ಹಿಡಿಯಬೇಕು. ಬಲಗೈಯ ತೋರುಬೆರಳು, ನಡುಬೆರಳುಗಳ ನಡುವೆ ತಲೆಯ ಹಿಂಭಾಗದ ಕತ್ತು ಬರಬೇಕು, ಹೆಬ್ಬೆರಳು ಕೊಕ್ಕಿನ ಕೆಳಗೆ. ಕತ್ತನ್ನು ಕೆಳಕ್ಕೆ ನೇರವಾಗಿ ಎಳೆಯುತ್ತ, ಅದೇ ಎಳೆತದಲ್ಲಿ ತಲೆಯನ್ನು ಹಿಂದಕ್ಕೆ ಬಗ್ಗಿಸಬೇಕು. ಒಂದೇ ಎಳೆತ, ಅನುಮಾನ ಬೇಡ. ಹೆದರಿ ಅರೆಬರೆ ಎಳೆಯುವುದೇ ಹಿಂಸೆ. ಬಲ ಹೆಚ್ಚಾಗಿ ತಲೆ ಕಿತ್ತು ಬಂದರೆ ನೋಡುವವರಿಗೆ ಕಷ್ಟ, ಕೋಳಿಗಲ್ಲ. ಕತ್ತನ್ನು ತಿರುಚುವುದು, ಹಿಚುಕುವುದು, ನೀರಿನಲ್ಲಿ ಮುಳುಗಿಸುವುದು ಖಂಡಿತ ಕೂಡದು.

ಆಮೇಲೆ ಒಂದೆರಡು ನಿಮಿಷ ರೆಕ್ಕೆ ಬಡಿಯುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ಅದು ನರಗಳ ಸೆಳೆತ, ನೋವಲ್ಲ. ತಲೆಯ ಹಿಂದೆ ಬೆರಳಿಟ್ಟರೆ ಮೂಳೆಯ ನಡುವೆ ಸಂದು ಸಿಗಬೇಕು, ಕಣ್ಣಗುಡ್ಡೆ ಮುಟ್ಟಿದರೆ ರೆಪ್ಪೆ ಆಡಬಾರದು, ಉಸಿರಾಟ ಇರಬಾರದು. ಸಂದೇಹವಿದ್ದರೆ ತಡಮಾಡದೆ ಮತ್ತೊಮ್ಮೆ ಎಳೆಯಿರಿ. ಮೂರು ಕಿಲೋ ಮೀರಿದ ಹುಂಜಕ್ಕೆ ಕೈಬಲ ಸಾಲದು, ಬಲ್ಲವರನ್ನೇ ಕರೆಸಿ. ಮೊದಲ ಸಲ ಮಾಡುವವರು ಪಶುವೈದ್ಯರಿಂದ ತೋರಿಸಿಕೊಂಡು, ಅಡುಗೆಗೆಂದು ತಂದ ಸತ್ತ ಕೋಳಿಯ ಮೇಲೆ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಅಡುಗೆಗೆಂದಾದರೆ ಕತ್ತು ಬೇರ್ಪಡಿಸಿದ ಕೂಡಲೇ ಗಂಟಲು ಕೊಯ್ದು ರಕ್ತ ಹರಿಸಬಹುದು. ನನ್ನ ಮತ ಇದಕ್ಕೇ. ಕೊಯ್ದೇ ಆಗಬೇಕೆನ್ನುವವರು ಐದು ಲೀಟರಿನ ಕ್ಯಾನಿನ ತಳವನ್ನೂ ಬಾಯಿಯನ್ನೂ ಕತ್ತರಿಸಿ, ಬಾಯಿ ಕೆಳಗಾಗಿ ಗೋಡೆಗೆ ಹೊಡೆದು, ಕೋಳಿಯನ್ನು ಅದರೊಳಗೆ ತಲೆ ಹೊರಬರುವಂತೆ ಇಳಿಸಲಿ. ರೆಕ್ಕೆ ಬಡಿಯದು, ಕೈ ಜಾರದು. ಈಗಷ್ಟೇ ಸಾಣೆ ಹಿಡಿದ ಚೂರಿಯಿಂದ ದವಡೆಯ ಕೆಳಗೆ ಎರಡೂ ಬದಿಯ ರಕ್ತನಾಳ ಒಟ್ಟಿಗೆ ತುಂಡಾಗಬೇಕು. ಬಿಸಿನೀರಿಗೆ ಹಾಕುವ ಮೊದಲು ಕನಿಷ್ಠ ಒಂದೂವರೆ ನಿಮಿಷ ಕಾಯಿರಿ, ಅಲುಗಾಟ ಪೂರ್ತಿ ನಿಂತಿರಲಿ. ಮುದಿ ಕೋಳಿಯ ಮಾಂಸವನ್ನು ಒಂದು ದಿನ ಫ್ರಿಜ್‌ನಲ್ಲಿಟ್ಟು ಆಮೇಲೆ ಗಸಿ ಮಾಡಿದರೆ ಹಲ್ಲಿಗೆ ಬಗ್ಗುತ್ತದೆ, ರೊಟ್ಟಿಗೆ ಅಂಥ ರಸ ಬ್ರಾಯ್ಲರಿನಲ್ಲಿ ಬಾರದು.

ಆದರೆ ಅದು ಮನೆಯ ಊಟಕ್ಕೆ ಮಾತ್ರ. ಬೋರ್ಡಿನಲ್ಲಿ 'ಗಾವಠಿ' ಎಂದು ಬರೆಯುವ ಆಸೆ ಎಷ್ಟೇ ಇರಲಿ, ಲೈಸನ್ಸ್ ಪಡೆದ ಹೊಟೇಲಿಗೆ ಮಾಂಸ ಬರಬೇಕಾದುದು ಲೈಸನ್ಸ್ ಇರುವ ಅಂಗಡಿಯಿಂದ, ಲೆಕ್ಕದೊಂದಿಗೆ. ಪರಿಶೀಲನೆಗೆ ಬಂದವರು ಕೇಳುವುದೂ ಅದನ್ನೇ. ನಗರಸಭೆಯ ವ್ಯಾಪ್ತಿಯಲ್ಲಿ ಹೊಟೇಲಿನ ಹಿತ್ತಿಲಲ್ಲಿ ಕೊಯ್ಯುವುದಕ್ಕಂತೂ 2001ರ ಕಸಾಯಿಖಾನೆ ನಿಯಮಗಳ ಅಡ್ಡಿಯಿದೆ.

ಕಾಯಿಲೆಯಿಂದ ಹೋದ ಕೋಳಿಯನ್ನು ಬಾವಿ, ತೋಡುಗಳಿಂದ ದೂರ ಆಳದ ಗುಂಡಿಯಲ್ಲಿ, ನಾಯಿ ಕೆದರದಂತೆ, ಸುಣ್ಣ ಹಾಕಿ ಹೂಳಬೇಕು. ಕೈಗವುಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವಾದರೂ ಇರಲಿ, ಕೆಲಸ ಮುಗಿಸಿ ಸೋಪಿನಿಂದ ಕೈ ತೊಳೆದು, ಬಟ್ಟೆ ಬದಲಿಸಿಯೇ ಕಿಚನ್ನಿನ ಕಡೆ ಹೋಗುವುದು.

ನನ್ನ ಜಾಗದ ಗೋಡೆಯ ಮೇಲೆ ಈಗ ಪಶುವೈದ್ಯರ ನಂಬರು ದಪ್ಪಕ್ಷರದಲ್ಲಿದೆ. ಚೂರಿಗೆ ಸಾಣೆಕಲ್ಲು ತಂದುಕೊಟ್ಟಿದ್ದೇನೆ. ಕೋಳಿ ಮಂಕಾಗಿ ಕಂಡರೆ ಹುಡುಗ ಮೊದಲು ಫೋನ್ ಮಾಡುತ್ತಾನೆ.